ಸೌಂಡಣ್ಣನ ಹೆಂಡತಿಯ ಬಲಗಿವಿ

ಸೌಂಡಣ್ಣನಿಗೆ ಹಾಡು ಕಂಡರೆ ಆಗುತ್ತಿರಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹಗಲೆಲ್ಲ ಹಾಡಿನ ಸದ್ದಿನಲ್ಲೇ ಬದುಕುತ್ತಿದ್ದ ಮನುಷ್ಯನಿಗೆ ಒಂದೇ ಒಂದು ಹಾಡಿನ ತಲೆಬುಡ ಗೊತ್ತಿರಲಿಲ್ಲ. ಸಭೆ ಸಮಾರಂಭಗಳಿಗೆ ಸ್ಪೀಕರು, ಆಂಪ್ಲಿಫೈಯರು ಬಾಡಿಗೆಗೆ ಕೊಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗೋಡೆ ಕಾಣದ ಹಾಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಉದ್ದನೆಯ ಒಂದು ಮೇಜು, ಮೇಜಿನ ಮೇಲೆ ಬಿಚ್ಚಿಟ್ಟ ವೈರುಗಳ ಕರುಳು.

ರಿಪೇರಿಯಾದ ಸೆಟ್ಟನ್ನು ಟೆಸ್ಟ್ ಮಾಡಬೇಕಲ್ಲ, ಅದಕ್ಕೆಂದು ಅವನ ಹತ್ತಿರ ಒಂದು ರಟ್ಟಿನ ಡಬ್ಬದ ತುಂಬ ಹಳೆಯ ರಾಕ್ ಬ್ಯಾಂಡುಗಳ ರೆಕಾರ್ಡುಗಳಿದ್ದವು. ಮುಚ್ಚಿಹೋದ ಬಾರೊಂದರ ಸೆಟ್ಟನ್ನು ಕೊಂಡಾಗ ಅದರ ಜೊತೆಗೆ ಸುಮ್ಮನೆ ಬಂದದ್ದು. "ಇದರಲ್ಲಿ ದಪ್ಪ ಸದ್ದೂ ಇದೆ, ಕೀರಲು ಸದ್ದೂ ಇದೆ, ಎಲ್ಲೂ ಬಿಡುವು ಅನ್ನೋದೇ ಇಲ್ಲ. ಸ್ಪೀಕರು ಗಟ್ಟಿ ಇದೆಯೋ ಇಲ್ಲವೋ ಒಂದೇ ಏಟಿಗೆ ಗೊತ್ತಾಗುತ್ತೆ," ಅನ್ನುತ್ತಿದ್ದ. ಹಾಡು ಶುರುವಾದರೆ ಅವನು ಹುಡುಕುತ್ತಿದ್ದದ್ದು ಎಲ್ಲಾದರೂ ಗುಂಯ್ ಅನ್ನುತ್ತಿದೆಯೇ, ಪರಪರ ಅನ್ನುತ್ತಿದೆಯೇ ಅಂತ, ಅಷ್ಟೇ. ಅದಿಲ್ಲ ಅಂತಾದರೆ ಅವನ ಕಿವಿಯ ಕೆಲಸ ಮುಗಿಯಿತು, ಕೈಯ ಕೆಲಸ ಶುರುವಾಯಿತು.

ಕೈಯ ಕೆಲಸ ಅಂದರೆ ಹೆಂಡತಿಗೆ ಹೊಡೆಯುವುದು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಏನರ್ಥವಿದೆ? ಬಾಗಿಲು ಹಾಕುತ್ತಿದ್ದ, ಸದ್ದು ಜಾಸ್ತಿ ಮಾಡುತ್ತಿದ್ದ, ಹೊಡೆಯುತ್ತಿದ್ದ. ಕಾರಣಕ್ಕೇನು ಬರ? ಸ್ಪೀಕರಿನೊಳಗೆ ಅದುರುವ ಕಾಗದಕ್ಕೆ ಗೋಂದು ಹಚ್ಚುವುದು ಅವಳ ಕೆಲಸ. ಗೋಂದು ಹೆಚ್ಚಾದರೆ ಹೊಡೆತ, ಕಡಿಮೆಯಾದರೆ ಹೊಡೆತ, ಸರಿಯಾದರೆ ಯಾರಿಗೆ ಮೆರೆಯಲಿಕ್ಕೆ ಇಷ್ಟು ನೀಟಾಗಿ ಮಾಡಿದೆ ಅಂತ ಹೊಡೆತ. ಮೊದಮೊದಲು ಅಂಗೈ, ಆಮೇಲೆ ಬೆಲ್ಟು, ಆಮೇಲೆ ದಪ್ಪ ಕೇಬಲ್ಲು. ಹೊರಗೆ ಕಿಟಕಿಯ ಗಾಜು ನಡುಗುವಷ್ಟು ಗಿಟಾರು. ಬೀದಿಯವರು ಕಿವಿ ಮುಚ್ಚಿಕೊಂಡು, "ಸೌಂಡಣ್ಣ ಸೆಟ್ ಟೆಸ್ಟ್ ಮಾಡ್ತಿದಾನೆ," ಅಂತ ನಗುತ್ತಾ ದಾಟಿಹೋಗುತ್ತಿದ್ದರು. ಪಕ್ಕದ ಮನೆಯ ದರ್ಜಿ, ಅವನ ಹೆಂಡತಿ ಇಬ್ಬರೂ ಒಳ್ಳೆಯವರೇ. ಮರುದಿನ ಅವಳ ಮುಖ ಕಂಡರೆ ದರ್ಜಿಯ ಹೆಂಡತಿ "ಬಿದ್ಯೇನಮ್ಮಾ?" ಅಂತ ಕೇಳುತ್ತಿದ್ದಳು. ಇವಳು "ಹೂಂ ಅಕ್ಕ," ಅನ್ನುತ್ತಿದ್ದಳು. ಅಲ್ಲಿಗೆ ಇಬ್ಬರ ಕರ್ತವ್ಯವೂ ಮುಗಿಯುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅವಳಿಗೆ ಆ ಸಂಗೀತ ತಗಡಿನ ಗೋದಾಮು ಕುಸಿದುಬಿದ್ದ ಹಾಗೆ ಕೇಳಿಸುತ್ತಿತ್ತು. ಭಾಷೆ ಗೊತ್ತಿಲ್ಲ, ಯಾರು ಯಾಕೆ ಅರಚುತ್ತಿದ್ದಾರೆ ಗೊತ್ತಿಲ್ಲ. ಗೊತ್ತಾಗಬೇಕಿದ್ದದ್ದು ಒಂದೇ: ಇದು ಯಾವಾಗ ಮುಗಿಯುತ್ತದೆ? ಯಾಕೆಂದರೆ ರೆಕಾರ್ಡಿನ ಆ ಬದಿ ಮುಗಿದರೆ ಅವನೂ ಮುಗಿಸುತ್ತಿದ್ದ. ಸದ್ದಿಲ್ಲದೆ ಹೊಡೆಯುವ ಧೈರ್ಯ ಆ ಮಹಾಶೂರನಿಗೆ ಇರಲಿಲ್ಲ. ಹಾಗಾಗಿ ಅವಳು ಮೊದಲು ಕಲಿತದ್ದು ಹಾಡುಗಳ ಉದ್ದ. ಈ ಕೂಗಾಟದ ನಂತರ ಒಂದು ಗಿಟಾರಿನ ಗೋಳಾಟ ಬರುತ್ತದೆ, ಅದಾದ ಮೇಲೆ ಇನ್ನೊಂದೇ ಹಾಡು, ಹಲ್ಲು ಕಚ್ಚಿಕೋ. ಅವಳ ಸಂಗೀತಾಭ್ಯಾಸ ಶುರುವಾದದ್ದು ಹೀಗೆ.

ಎರಡನೆಯದಾಗಿ ಸಿಕ್ಕಿದ್ದು ಡ್ರಮ್ಮು. ಅವನ ಏಟಿಗೆ ಲೆಕ್ಕಾಚಾರ ಇರಲಿಲ್ಲ, ಎಲ್ಲಿ ಬೀಳುತ್ತದೋ ಯಾವಾಗ ಬೀಳುತ್ತದೋ ದೇವರಿಗೇ ಗೊತ್ತು. ಡ್ರಮ್ಮಿನವನು ಹಾಗಲ್ಲ. ಬರುತ್ತೇನೆ ಅಂದ ಜಾಗಕ್ಕೆ ಸರಿಯಾಗಿ ಬರುತ್ತಿದ್ದ. ಅವಳು ಆ ಕಾಣದ ಮನುಷ್ಯನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೇಸ್ ಗಿಟಾರು ಸಿಕ್ಕಿದ್ದು ನೆಲಕ್ಕೆ ಬಿದ್ದ ದಿನ. ಪಕ್ಕೆಗೆ ಒದೆ ತಿಂದು ಕೆನ್ನೆ ನೆಲಕ್ಕೆ ಒತ್ತಿ ಮಲಗಿದ್ದಾಗ, ಎಲ್ಲ ಗದ್ದಲದ ಕೆಳಗೆ ಒಂದು ದಪ್ಪನೆಯ ಸದ್ದು ನೆಲದೊಳಗಿಂದ ಅವಳ ದವಡೆಗೆ ಬಂತು. ಅದು ಅವಸರವಿಲ್ಲದೆ, ತನ್ನ ಪಾಡಿಗೆ ತಾನು, ಮೇಲೆ ಕುಣಿಯುವವರನ್ನೆಲ್ಲ ಹೊತ್ತುಕೊಂಡು ನಡೆಯುತ್ತಿತ್ತು. 'ಅರೆ, ಇಷ್ಟು ದಿನ ನೀನು ಎಲ್ಲಿದ್ದೆ?' ಅಂದುಕೊಂಡಳು. ಬಾಯಲ್ಲಿ ರಕ್ತ ಇತ್ತು, ಆದರೂ ಹಾಗೆ ಅಂದುಕೊಂಡದ್ದು ನಿಜ.

ಆಮೇಲೆ ಅವಳಿಗೆ ಹುಚ್ಚು ಹಿಡಿಯಿತು. ಅವನು ವ್ಯಾನಿನಲ್ಲಿ ಸೆಟ್ಟು ಹೇರಿಕೊಂಡು ಹೋದರೆ ಸಾಕು, ಅವಳು ಡಬ್ಬ ತೆಗೆದು ಸಣ್ಣ ಸದ್ದಿನಲ್ಲಿ ಹಾಡು ಹಾಕಿಕೊಂಡು ಗೋಂದು ಹಚ್ಚುತ್ತಾ ಕೂರುತ್ತಿದ್ದಳು. ಹೊಡೆತ ಇಲ್ಲದೆ ಕೇಳಿದಾಗ ಅವೇ ಹಾಡುಗಳಲ್ಲಿ ಬೇರೆ ಏನೇನೋ ಇತ್ತು. ಬ್ಯಾಂಡುಗಳಿಗೆ ತಾನೇ ಹೆಸರಿಟ್ಟಳು. ಒಂದು ರೆಕಾರ್ಡಿನ ರಟ್ಟಿನ ಮೇಲೆ ನಾಲ್ವರು ಗಡ್ಡಧಾರಿಗಳು ಬೇಲಿಗೆ ಒರಗಿ ನಿಂತದ್ದು ಗಡ್ಡದವರ ಬ್ಯಾಂಡು. ಬೆಳ್ಳಿ ಬಣ್ಣದ ಪ್ಯಾಂಟಿನವರದ್ದು ಬೆಳ್ಳಿಗಾಲಿನ ಬ್ಯಾಂಡು. ಇನ್ನೊಂದಕ್ಕೆ ಹಲ್ಲುನೋವಿನವನ ಬ್ಯಾಂಡು ಅಂತಲೇ ಹೆಸರು, ಯಾಕೆಂದರೆ ಹಾಡುಗಾರನ ಸಂಕಟ ಹಾಗಿತ್ತು. ಮೊದಲ ಕೆಲವು ವರ್ಷ ಅವಳಿಗೆ ಬೆಳ್ಳಿಗಾಲಿನವರೇ ಇಷ್ಟ, ಅವರದ್ದು ಭರ್ಜರಿ ವೇಗ. ಬರುಬರುತ್ತಾ ಅವರು ಬರೀ ತೋರಿಕೆಯವರು ಅನ್ನಿಸಿತು. ಗಡ್ಡದವರು ಮೊದಲು ನಿದ್ದೆ ಬರಿಸುತ್ತಿದ್ದರು. ಅವರ ಗಿಟಾರಿನವನು ಒಂದೇ ಮಾತನ್ನು ಹತ್ತು ಸಲ ತಿರುಗಿಸಿ ಮುರುಗಿಸಿ ಹೇಳುವ ಹಾಗೆ ಬಾರಿಸುತ್ತಿದ್ದ. ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು: ಈ ಪುಣ್ಯಾತ್ಮ ಕೊರೆಯುತ್ತಿಲ್ಲ, ಹೊರಗೆ ಹೋಗುವ ಬಾಗಿಲು ಹುಡುಕುತ್ತಿದ್ದಾನೆ. ಅಂದು ಅವಳು ಗೋಂದಿನ ಕೈಯಲ್ಲೇ ಕಣ್ಣೊರೆಸಿಕೊಂಡು ರೆಪ್ಪೆ ಅಂಟಿಸಿಕೊಂಡಳು.

ಎಡಗಿವಿ ಹೋದದ್ದು ಬೆಳ್ಳಿಗಾಲಿನವರ ಹಾಡೊಂದರ ನಡುವೆ. ಒಂದೇ ಬಾರಿಗೆ, ಅಗಲವಾದ ಅಂಗೈಯಿಂದ ಬಿದ್ದ ಏಟು. ತಲೆಯೊಳಗೆ ಬಿಸಿ ನೀರು ಸುರಿದ ಹಾಗಾಯಿತು, ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, "ಇದು ಮತ್ತೆ ಬರಲ್ಲ. ಇನ್ನೊಂದನ್ನ ಜೋಪಾನ ಮಾಡ್ಕೊಳ್ಳಿ. ಅದಕ್ಕೂ ಏಟು ಬಿದ್ದಿರೋ ಗುರುತಿದೆ. ಇಂಥದ್ದೇ ಇನ್ನೊಂದು ಪೆಟ್ಟು ಬಿದ್ರೆ ಪೂರ್ತಿ ಕತ್ತಲೆ," ಅಂದರು. ಕಿವಿಗೆ ಕತ್ತಲೆ ಅನ್ನುವ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು. ಪಕ್ಕೆಲುಬು ಮುರಿದಾಗ, ಕಿರುಬೆರಳು ಸೊಟ್ಟಗಾದಾಗ ಅವಳು ಇಷ್ಟು ಹೆದರಿರಲಿಲ್ಲ. ಈ ಮನೆಯಲ್ಲಿ ಅವಳದ್ದು ಅಂತ ಇದ್ದದ್ದು ಅದೊಂದು ಬಲಗಿವಿ, ಅದರೊಳಗೆ ಹೋಗುವ ಹಾಡು. ಅದೂ ಹೋದರೆ ಉಳಿಯುವುದು ಅವನೊಬ್ಬನೇ.

ಒಂದೇ ಕಿವಿಯಾದ ಮೇಲೆ ಹೆಡ್‌ಫೋನ್ ಹಾಕಿಕೊಂಡರೆ ಅರ್ಧ ಬ್ಯಾಂಡೇ ಮಾಯವಾಗುತ್ತಿತ್ತು. ಹಳೆಯ ರೆಕಾರ್ಡುಗಳಲ್ಲಿ ವಾದ್ಯಗಳನ್ನು ಹಂಚಿಹಾಕಿರುತ್ತಾರೆ, ಡ್ರಮ್ಮು ಒಂದು ಕಿವಿಗೆ, ಗಿಟಾರು ಇನ್ನೊಂದಕ್ಕೆ. ಅವಳು ಹಾಡನ್ನು ಒಮ್ಮೆ ಕೇಳಿ, ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಅದೇ ಹಾಡನ್ನು ಮತ್ತೆ ಕೇಳಿ, ಎರಡನ್ನೂ ತಲೆಯೊಳಗೆ ಹೊಲಿದುಕೊಳ್ಳುತ್ತಿದ್ದಳು. ಹೀಗೆ ಬಿಡಿಸಿ ಬಿಡಿಸಿ ಕೇಳಿದ್ದರಿಂದ ಯಾರು ಎಲ್ಲಿ ಉಸಿರೆಳೆದುಕೊಂಡ, ಯಾರು ಯಾರಿಗೆ ದಾರಿಬಿಟ್ಟ ಅನ್ನುವುದೆಲ್ಲ ಅವಳಿಗೆ ಬಾಯಿಪಾಠ. ಮತ್ತೆ ಹೊಡೆತ ಬೀಳುವಾಗ ಬೆನ್ನು ಕೊಟ್ಟಳು, ತೊಡೆ ಕೊಟ್ಟಳು, ಎಡಗೆನ್ನೆ ಕೊಟ್ಟಳು. ಬಲಗಿವಿಯನ್ನು ಮಾತ್ರ ಭುಜದೊಳಗೆ ಹುದುಗಿಸಿ ಕಾಪಾಡಿದಳು.

ಆ ದಿನ ಸೌಂಡಣ್ಣನಿಗೆ ಯಾರೋ ಬಾಡಿಗೆಯವರು ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಮೂಗಿನ ತುದಿಯಲ್ಲೇ ಇದ್ದ ಕೋಪ ಬೀದಿಯಲ್ಲೇ ಉದುರುತ್ತಿತ್ತು. ಒಳಗೆ ಬಂದವನೇ ಬಾಗಿಲು ಹಾಕಿದ. ಅವಳು ಮೇಜಿನ ಹತ್ತಿರ ವೈರಿಗೆ ಬೆಸುಗೆ ಹಾಕುತ್ತಿದ್ದಳು. ಅವನು ಡಬ್ಬದಿಂದ ಕೈಗೆ ಸಿಕ್ಕ ರೆಕಾರ್ಡನ್ನು ಎಳೆದು ಹಾಕಿ, ಗುಂಡಿಯನ್ನು ಕೊನೆವರೆಗೂ ತಿರುಗಿಸಿದ. ಗಡ್ಡದವರು ಕೋಣೆ ತುಂಬ ಎದ್ದು ನಿಂತರು.

ಕೇಬಲ್ಲು ಬೆನ್ನಿನ ಮೇಲೆ ಬಿತ್ತು. ಮತ್ತೆ ಬಿತ್ತು. ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. ಅವನ ಚಪ್ಪಲಿಗಾಲು ಹೊಟ್ಟೆಗೆ ಬಂತು, ತೊಡೆಗೆ ಬಂತು, ಉಸಿರು ಸಿಕ್ಕಿಹಾಕಿಕೊಂಡಿತು. ನೆಲದೊಳಗಿಂದ ಬೇಸ್ ಗಿಟಾರು ಎಂದಿನಂತೆ ಬಂದು ಅವಳನ್ನು ಎತ್ತಿಕೊಂಡಿತು. ಒದೆಯುತ್ತಿದ್ದವನ ಕಣ್ಣು ಆಗ ಅವಳ ಕೈ ಮೇಲೆ ಬಿತ್ತು. ಸೊಟ್ಟ ಕಿರುಬೆರಳು ನೆಲದ ಮೇಲೆ ತಟ್ಟುತ್ತಿತ್ತು, ಟಕ್, ಟಕ್, ಡ್ರಮ್ಮಿಗೆ ಒಂದಿಷ್ಟೂ ತಪ್ಪದಂತೆ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕಪ್ಪಿಟ್ಟಿತು. ಬಗ್ಗಿ ಅವಳ ಕಿವಿಗೆ ಬಾಯಿಟ್ಟು ಕಿರುಚಿದ: "ನಾನು ಹೊಡೀತಿದ್ರೆ ನೀನು ತಾಳ ಹಾಕ್ತೀಯೇನೇ? ಮಜಾ ತಗೋತಿದೀಯಾ?"

ಹೂಂ ಅನ್ನುವುದೇ ನಿಜವಾಗಿತ್ತು.

"ಹಾಡು ಬೇಕಾ ನಿನಗೆ? ಇರು, ಇನ್ನೊಂದು ಕಿವೀನೂ ಕಿತ್ತು ಕೈಗೆ ಕೊಡ್ತೀನಿ!"

ಜಡೆ ಹಿಡಿದು ಎಬ್ಬಿಸಿ ಮೇಜಿಗೆ ಒತ್ತಿದ. ತಲೆಯನ್ನು ಹೊರಳಿಸಿ ಬಲಗಿವಿ ಮೇಲೆ ಬರುವ ಹಾಗೆ ಮಾಡಿದ. ಅವಳು ಭುಜ ಎತ್ತಿದರೆ ಮೊಣಕೈಯಿಂದ ಅದನ್ನು ಕೆಳಗೆ ಅದುಮಿದ. ಅಷ್ಟು ವರ್ಷದಲ್ಲಿ ಅವಳು ಯಾವತ್ತೂ ಬೇಡಿಕೊಂಡಿರಲಿಲ್ಲ, ಅಂದು ಬೇಡಿಕೊಂಡಳು. "ಕಿವಿ ಬಿಟ್ಬಿಡಿ. ನಿಮ್ಮ ಕಾಲು ಹಿಡೀತೀನಿ, ಕೈ ಮುರೀರಿ, ಕಾಲು ಮುರೀರಿ, ಕಿವಿ ಒಂದು ಬೇಡ." ಅವನ ಮುಖದಲ್ಲಿ ನಗು ಬಂತು. ಎಲ್ಲಿ ಹೊಡೆದರೆ ನೋಯುತ್ತದೆ ಅನ್ನುವುದು ಕೊನೆಗೂ ಗೊತ್ತಾಯಿತಲ್ಲ ಅನ್ನುವ ನಗು. ಅಂಗೈ ಅಗಲಿಸಿ ಕೈಯನ್ನು ತಲೆಯ ಮೇಲಕ್ಕೆ ಎತ್ತಿದ.

ಮೇಜಿನ ಮೇಲೆ ತಡಕಾಡುತ್ತಿದ್ದ ಅವಳ ಬೆರಳಿಗೆ ಬೆಸುಗೆ ಕಡ್ಡಿಯ ಹಿಡಿ ಸಿಕ್ಕಿತು. ಅದು ಇನ್ನೂ ಕಾದೇ ಇತ್ತು. ಕೈ ಕೆಳಗೆ ಬರುವುದಕ್ಕೂ ಅವಳು ಕಡ್ಡಿಯನ್ನು ಕಿವಿಯ ಮುಂದೆ ನಿಲ್ಲಿಸುವುದಕ್ಕೂ ಸರಿಹೋಯಿತು. ಅವಳು ಚುಚ್ಚಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಅವನ ಏಟಿನ ರಭಸವೇ ಕಡ್ಡಿಯನ್ನು ಅವನ ಅಂಗೈಯೊಳಗೆ ಇಳಿಸಿತು. ಚರ್ಮ ಚುಂಯ್ ಅಂದ ಸದ್ದು ಅಷ್ಟು ಗಿಟಾರಿನ ನಡುವೆಯೂ ಅವಳ ಬಲಗಿವಿಗೆ ಕೇಳಿಸಿತು.

ಅವನು ಬಾಯಿ ತೆರೆದ. ಗಂಟಲಿನ ನರಗಳೆಲ್ಲ ಎದ್ದವು. ಹೊರಗೆ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಇನ್ನೊಂದು ಕೈಯಿಂದ ಅವಳ ಕುತ್ತಿಗೆ ಹಿಸುಕಿದ. ಅವಳು ಕಡ್ಡಿಯನ್ನು ಆ ಕೈಯ ಮಣಿಕಟ್ಟಿಗೆ ಒತ್ತಿದಳು, ಈ ಸಲ ಅವಳೇ ಒತ್ತಿದಳು, ಅವನು ಮಂಡಿಯೂರುವವರೆಗೆ ಬಿಡಲಿಲ್ಲ. "ಬೇಡ ಕಣೇ, ಬೇಡ ಕಣೇ," ಅಂತ ತುಟಿ ಆಡುತ್ತಿತ್ತು. ಕೇಳುವವರು ಯಾರು?

ಎಲ್ಲೂ ಬಿಡುವಿಲ್ಲ ಅಂತ ಅವನು ಹೇಳುತ್ತಿದ್ದನಲ್ಲ, ಅದು ಸುಳ್ಳು. ಗಡ್ಡದವರ ಆ ಹಾಡಿನ ನಡುವೆ ಡ್ರಮ್ಮು, ಬೇಸು ಎಲ್ಲ ಒಮ್ಮೆಲೇ ನಿಂತು, ಒಂದು ಗಿಟಾರು ಮಾತ್ರ ತಂತಿ ಸವರಿದಷ್ಟು ಮೆಲ್ಲಗೆ ಬಹಳ ಹೊತ್ತು ನುಡಿಯುತ್ತದೆ. ಹಾಡು ಕೇಳಿದವರಿಗೆ ಗೊತ್ತಿರುತ್ತದೆ. ಅವಳು ಅದಕ್ಕಾಗಿಯೇ ಆ ರೆಕಾರ್ಡನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದಳು. ಅವನು ಬಾಯಿ ತುಂಬ ಚೀರುತ್ತಿದ್ದಂತೆ ಬ್ಯಾಂಡು ತಟ್ಟನೆ ನಿಂತಿತು. ಇಡೀ ಬೀದಿಗೆ ಸೌಂಡಣ್ಣನ ಚೀರಾಟ ಬೆತ್ತಲೆಯಾಗಿ ಕೇಳಿಸಿತು.

ಎಷ್ಟು ಬೇಗ ಬಂದರು ಅಂತೀರಿ! ದರ್ಜಿ ಹೆಗಲಿನ ಅಳತೆ ಟೇಪು ಸಮೇತ ಓಡಿಬಂದ. ಎದುರುಮನೆಯ ಬಸ್ ಡ್ರೈವರು ಬಾಗಿಲಿಗೆ ಭುಜ ಕೊಟ್ಟು ಚಿಲಕ ಕಿತ್ತ. ಹಿಂದೆ ದರ್ಜಿಯ ಹೆಂಡತಿ. "ಸೌಂಡಣ್ಣಾ, ಏನಾಯ್ತು? ಅಯ್ಯಯ್ಯೋ, ಕೈ ನೋಡಿ, ನೀರು ತನ್ನಿ, ನೀರು!" ಒಬ್ಬರು ಹಿಡಿದುಕೊಂಡರು, ಒಬ್ಬರು ಗಾಳಿ ಹಾಕಿದರು. ಅವಳು ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿಟ್ಟು, ಕುರ್ಚಿಯನ್ನು ನೆಟ್ಟಗೆ ಮಾಡಿ ಕೂತಳು. ರವಿಕೆ ಹರಿದು ಬೆನ್ನಿಗೆ ಅಂಟಿತ್ತು.

ದರ್ಜಿಯ ಹೆಂಡತಿ ಅವಳ ಬೆನ್ನು ನೋಡಿದಳು, ಕುತ್ತಿಗೆಯ ಬೆರಳಚ್ಚು ನೋಡಿದಳು, ಬಾಯಿಗೆ ಸೆರಗು ಹಿಡಿದುಕೊಂಡಳು. "ಅಯ್ಯೋ ನನ್ನ ತಾಯಿ, ಇದೇನೇ ಇದು! ಒಂದು ಮಾತು ಕೂಗಬಾರದಿತ್ತೇ? ಈ ಹಾಳು ಹಾಡಿನ ಗಲಾಟೇಲಿ ನಮಗೇನೂ ಕೇಳಿಸ್ತಾನೇ ಇರಲಿಲ್ಲವಲ್ಲೇ."

ಅವಳು ಮುಖ ತಿರುಗಿಸಿದಳು. ಸಿಟ್ಟು ಬಂದಿತ್ತು. ಗಂಡನ ಮೇಲೆ ಕೂಡ ಅಷ್ಟು ಬಂದಿರಲಿಲ್ಲ.

"ನನಗೆ ಕೇಳಿಸ್ತಿತ್ತು ಅಕ್ಕ," ಅಂದಳು. "ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಒಂದು ಗಳಿಗೆ ಸದ್ದು ಇರಲ್ಲ. ಆಗ ನಿಮ್ಮನೆ ಹೊಲಿಗೆ ಮಿಷನ್ನೂ ನಿಂತಿರ್ತಿತ್ತು. ಪ್ರತಿ ಸಲವೂ. ನೀವಿಬ್ಬರೂ ಉಸಿರು ಬಿಗಿಹಿಡ್ಕೊಂಡು ಕೇಳಿಸ್ಕೋತಿದ್ರಿ."

ದರ್ಜಿ ಟೇಪನ್ನು ಹೆಗಲಿನಿಂದ ತೆಗೆದು ಸುಮ್ಮನೆ ಬೆರಳಿಗೆ ಸುತ್ತತೊಡಗಿದ. ಬಸ್ ಡ್ರೈವರು ಬಾಗಿಲಿನ ಕಡೆ ನೋಡಿದ. ದರ್ಜಿಯ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು, ಅವಳು ಹತ್ತಿರ ಬಂದು ಏನೋ ಹೇಳಲು ಶುರುಮಾಡಿದಳು. ಅಷ್ಟರಲ್ಲಿ ಡ್ರಮ್ಮಿನವನು ಸರಿಯಾದ ಜಾಗದಲ್ಲಿ ಒಳಗೆ ಬಂದ, ಹಿಂದೆಯೇ ಬೇಸು, ಕಿಟಕಿಯ ಗಾಜು ನಡುಗಿತು. ದರ್ಜಿಯ ಹೆಂಡತಿಯ ತುಟಿಗಳು ಇನ್ನೂ ಆಡುತ್ತಿದ್ದವು. ಸೌಂಡಣ್ಣನ ಹೆಂಡತಿ ಕೈಯೆತ್ತಿ ಸುಮ್ಮನಿರು ಅಂತ ಸನ್ನೆ ಮಾಡಿ, ಹಾಡು ಕೇಳುತ್ತಾ ಕೂತಳು.