ಒಂದು ಮೊಳ ದೂರ

"ಇಲ್ಲಿ ಮುಟ್ಟಿದ್ದು ಗೊತ್ತಾಗ್ತಿದೆಯಾ?"

ಡಾಕ್ಟರು ಎಡಗಾಲಿನ ಕಿರುಬೆರಳು ಹಿಡಿದಿದ್ದರು. ಅದೊಂದು ಗೊತ್ತಾಗುತ್ತಿರಲಿಲ್ಲ. ಉಳಿದದ್ದೆಲ್ಲ, ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ, ಚೆನ್ನಾಗಿಯೇ ಗೊತ್ತಾಗುತ್ತಿತ್ತು.

"ಹೂಂ, ಗೊತ್ತಾಗ್ತಿದೆ."

ಹದಿನಾಲ್ಕು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳು. ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವಳಿಗೇ ಸೋಜಿಗವೆನಿಸಿತು.

"ಬೆನ್ನಿನ ಆಪರೇಷನ್ ಸರಿಯಾಗಿ ಆಗಿದೆ. ಕಾಲಿನ ನರ ಮಾತ್ರ ಇನ್ನೂ ಮುನಿಸ್ಕೊಂಡಿದೆ. ರಮಿಸ್ಬೇಕು, ಅವಸರ ಮಾಡ್ಬಾರ್ದು."

"ಮಗಳನ್ನ ಎತ್ಕೋಬಹುದಾ?"

"ಎತ್ತೋದು ಬೇಡ. ಕೂತ್ಕೊಂಡು ತೊಡೆ ಮೇಲೆ ಕೂರಿಸ್ಕೊಳ್ಳಿ, ಪರವಾಗಿಲ್ಲ."

ಅಷ್ಟು ಸಾಕಾಗಿತ್ತು. ಐದು ತಿಂಗಳಿಂದ ಮನೆಯವರೆಲ್ಲ ನಾಲ್ಕು ವರ್ಷದ ಮಗುವಿಗೆ ಒಂದೇ ಪಾಠ ಹೇಳುತ್ತಿದ್ದರು: ಅಮ್ಮನ್ನ ಮುಟ್ಟಬಾರದು. ಮೊದಮೊದಲು ಬಾಗಿಲಾಚೆ ಅದು ಬಿಕ್ಕುವುದು ಕೇಳುತ್ತಿತ್ತು. ಆಮೇಲೆ ನಿಂತಿತು. ಎಲ್ಲರೂ ಹೊಗಳಿದರು. ಇವಳೂ ಹೊಗಳಿದ್ದಳು.

ಮನೆಯಲ್ಲಿ ನಾದಿನಿ ಮಗುವಿನ ತಲೆ ಬಾಚುತ್ತಿದ್ದಳು. ಆಪರೇಷನ್ ಆದಂದಿನಿಂದ ಅದಕ್ಕೆ ಊಟ, ನಿದ್ದೆ, ಮುನಿಸು ಎಲ್ಲ ಅವಳ ಹತ್ತಿರವೇ.

"ಏನಂದ್ರು ಅತ್ತಿಗೆ?"

"ವಾಸಿಯಾಗಿದೆಯಂತೆ."

"ಮತ್ತೆ ಗೋಡೆ ಹಿಡ್ಕೊಂಡು ಬರ್ತಿದೀರಿ? ಗೋಡೆಗಿನ್ನೂ ವಾಸಿಯಾಗಿಲ್ವಾ?"

ಇವಳು ಕುರ್ಚಿಯಲ್ಲಿ ಹುಷಾರಾಗಿ ಕೂತು ತೊಡೆ ತಟ್ಟಿದಳು. "ಬಾರೇ ಚಿನಕುರುಳಿ."

ಮಗು ಸೋದರತ್ತೆಯ ಮುಖ ನೋಡಿತು.

"ಹೋಗೇ, ಅಮ್ಮ ಕರೀತಿಲ್ವಾ?"

ಬಂತು. ಒಂದು ಮೊಳ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಿತು.

"ಬೇಡಮ್ಮ. ನಿಂಗೆ ನೋವಾಗತ್ತೆ."

"ಇಲ್ಲ ಪುಟ್ಟಾ. ಎಲ್ಲಾ ಹೋಯ್ತು."

ಬಾಗಿ ಅದರ ತೋಳು ಹಿಡಿದೆಳೆದಳು. ಪುಟ್ಟ ಮಂಡಿ ತೊಡೆಗೆ ಒತ್ತಿದ್ದೇ ತಡ, ಸೊಂಟದಿಂದ ಬೆಂಕಿ ಇಳಿಯಿತು. ಹಲ್ಲು ಕಚ್ಚಿದರೂ ಉಸಿರು ಚೀರಿತು.

ಮಗು ಹೆದರಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು.

"ನಾನು ಹೇಳ್ಲಿಲ್ವಾ?" ಎಂದಿತು. ದನಿ ನಾದಿನಿಯದು.

ಎಷ್ಟೋ ಹೊತ್ತಿನ ಮೇಲೆ ಎದ್ದು ಮಗುವಿನ ಕೋಣೆಯ ಬಾಗಿಲಿಗೆ ಹೋದಳು. ಅದು ನೆಲದ ಮೇಲೆ ಅಂಗಾತ ಮಲಗಿ, ಎಡಗಾಲ ಕೆಳಗೆ ದಿಂಬು ಇಟ್ಟುಕೊಂಡಿತ್ತು. ಅಮ್ಮನ ಆಟ. ಬಟ್ಟೆಯ ಗೊಂಬೆಯೊಂದನ್ನು ಹೊಸ್ತಿಲಾಚೆ, ಇವಳ ಪಾದದ ಬಳಿ ಕೂರಿಸಿತ್ತು.

"ಒಳಗೆ ಬರ್ಬೇಡ ಕಂದಾ," ಎಂದಿತು ಮಗು, ಚಾವಣಿ ನೋಡುತ್ತಾ.

ಗೊಂಬೆ ಕದಲಲಿಲ್ಲ. ಅದರ ಪಕ್ಕದಲ್ಲಿ ಇವಳೂ.