ಶೆಟ್ಟೆವ್ವನ ಕುಂಟ ಮೀನು

ನಂದಿನಿ ಗಾಜಿನ ತೊಟ್ಟಿಗೆ ಮೂಗು ಹಚ್ಚಿ ಬೆರಳಿನಿಂದ ಮತ್ತೊಮ್ಮೆ ತಟ್ಟಿದಳು. ಮೀನು ಅಲುಗಲಿಲ್ಲ. ತಳದ ಮರಳಿನ ಮೇಲೆ ಒಂದು ಮಗ್ಗುಲಾಗಿ ಬಿದ್ದುಕೊಂಡು ಕಿವಿರನ್ನಷ್ಟೇ ಬಡಿಯುತ್ತಿತ್ತು. ಆಮೇಲೆ ತಲೆ ಕೆಳಗೆ, ಬಾಲ ಮೇಲೆ ಮಾಡಿ ಹೇಗೋ ಎದ್ದು, ಅರ್ಧ ಸುತ್ತು ತಿರುಗಿ ಮತ್ತೆ ಅಲ್ಲೇ ಬಿತ್ತು.

ಅವಳ ಬೆನ್ನ ಹಿಂದೆ, ಅದೇ ಪಡಸಾಲೆಯಲ್ಲಿ, ಅತ್ತೆ ಶೆಟ್ಟೆವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ಅರಿಸಿನದ ಭಂಡಾರ, ಕೊರಳ ತುಂಬ ಹಾರ. ಭಜನೆಯವರು ಚಹಾಕ್ಕೆಂದು ತಾಳ ಕೆಳಗಿಟ್ಟಿದ್ದರು.

"ಸೊಸಿ ನೋಡ್ರಿ, ಅತ್ತಿಗಿ ಬೆನ್ನ ಮಾಡಿ ಮೀನಕ ಮಾರಿ ಮಾಡ್ಯಾಳ," ಎಂದು ಬಾಗಿಲ ಬಳಿ ಕೂತ ನೆರೆಮನೆಯ ರಾಯವ್ವ ಪಿಸುಗುಟ್ಟಿದಳು. ರಾಯವ್ವನ ಪಿಸುಮಾತೆಂದರೆ ಗೋಕಾಕದ ಬಸ್‌ಸ್ಟ್ಯಾಂಡಿನವರೆಗೂ ಕೇಳುವಂಥದ್ದು.

ನಂದಿನಿಯ ಗಂಡ ಗಜಾನನ ಬಂದು ಅವಳ ಪಕ್ಕ ಬಗ್ಗಿದ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು.

"ಏಳ ಇನ್ನ. ಮಂದಿ ನೋಡಾಕತ್ತಾರ."

"ಮೀನ ಸಾಯಾಕತ್ತೈತಿ."

"ಅದು ಮೊದಲಿಂದನೂ ಹಂಗ ಈಸ್ತೈತಿ. ಕುಂಟ ಐತಿ ಅಂತ ಅವ್ವನ ಹೇಳತಿದ್ಲಲ್ಲ."

"ಕುಂಟೂದು ಬ್ಯಾರೆ, ಬೀಳೂದು ಬ್ಯಾರೆ."

ಗಜಾನನನಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯಲಿಲ್ಲ. ತಿಳಿಯಬೇಕಾದರೆ ತೊಟ್ಟಿಯ ಮುಂದೆ ಒಂದಿಷ್ಟು ಹೊತ್ತು ಕೂತಿರಬೇಕು. ಅವನು ತೊಟ್ಟಿ ತಂದವನೇ ಹೊರತು ಕೂತವನಲ್ಲ.

*

ತೊಟ್ಟಿ ತಂದದ್ದೂ ಒಂದು ಹುಚ್ಚು. ಬೆಳಗಾವಿಯಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರ ಕೋಣೆಯಲ್ಲಿ ಸಮುದ್ರದ ಮೀನು ಕಂಡಿದ್ದ. ಹಲ್ಲು ಹೋಯಿತು, ಮೀನು ತಲೆಯಲ್ಲಿ ಉಳಿಯಿತು. ತನ್ನ ಪಡಸಾಲೆಯಲ್ಲೂ ಅಂಥದ್ದೊಂದು ಇರಲಿ, ಬಂದವರು ನೋಡಲಿ ಎಂದು ತಂದ. ಬಂದವರು ನೋಡುವ ಮೊದಲೇ ಮೀನುಗಳು ಒಂದರ ಹಿಂದೊಂದು ಸತ್ತವು. ಖಾಲಿ ತೊಟ್ಟಿ ಧೂಳು ತಿನ್ನುತ್ತ ಕೂತಿತು.

ಶೆಟ್ಟೆವ್ವ ಆ ಮನೆಗೆ ಬಂದದ್ದು ಮೊಣಕಾಲು ಕೈಕೊಟ್ಟ ಮೇಲೆ. ಅಲ್ಲಿಯವರೆಗೆ ಕುಲಗೋಡದ ಬಯಲಲ್ಲಿ ಕುರಿಗಳ ಹಿಂದೆ ನಡೆದವಳು ಅವಳು. ಕುರಿಗಳನ್ನು ಮೈದುನರಿಗೆ ಒಪ್ಪಿಸಿ ಬಂದಳು. ಗೋಕಾಕದ ಮನೆಯಲ್ಲಿ ಬೈಯಲು ಒಂದು ಮರಿಯೂ ಇರಲಿಲ್ಲ, ಸೊಸೆಯಿದ್ದಳು. ಕಸ ಹೊಡೆದದ್ದು ಸರಿಯಿಲ್ಲ, ರೊಟ್ಟಿ ದಪ್ಪ, ಹಾಲು ಉಕ್ಕಿಸಿದಳು. ನಂದಿನಿಯೂ ಬಾಯಿ ಕಟ್ಟಿಕೊಂಡು ಕೂರುವವಳಲ್ಲ. ವರ್ಷಗಟ್ಟಲೆ ಆ ಮನೆಯಲ್ಲಿ ಒಲೆಗಿಂತ ಮೊದಲು ಜಗಳ ಹೊತ್ತಿಕೊಳ್ಳುತ್ತಿತ್ತು.

ಒಂದು ದಿನ ಶೆಟ್ಟೆವ್ವ ತನ್ನ ಸೆರಗಿನಿಂದಲೇ ತೊಟ್ಟಿಯ ಧೂಳು ಒರೆಸಿ, "ಇದರಾಗ ಒಂದ ಜೀವ ಇರ್ಲಿ. ಸುಮ್ಮನ ಗೋಡಿ ನೋಡಿ ನೋಡಿ ಸಾಕಾತು," ಎಂದಳು.

ಅತ್ತೆ ಸೊಸೆ ಇಬ್ಬರೇ ಬೆಳಗಾವಿಗೆ ಹೋದರು. ಅಂಗಡಿಯವನು ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಮೀನೊಂದನ್ನು ತೋರಿಸಿದ. ಶೆಟ್ಟೆವ್ವ ಕುರಿ ಸಂತೆಯಲ್ಲಿ ನಿಂತವಳಂತೆ ಅದನ್ನು ಎಡದಿಂದ, ಬಲದಿಂದ, ಹಿಂದಿನಿಂದ ನೋಡಿ, "ಹಲ್ಲ ತೋರಸ್ತೀರೇನು?" ಎಂದು ಕೇಳಿದಳು. ಅಂಗಡಿಯವನು ನಗದೆ, ಇದಕ್ಕೆ ಸಮುದ್ರದಂಥ ನೀರೇ ಬೇಕು, ಅಡುಗೆಯ ಉಪ್ಪು ನಡೆಯುವುದಿಲ್ಲ, ಈ ಚೀಲದ ಉಪ್ಪನ್ನೇ ಅಳೆದು ಕರಗಿಸಬೇಕು ಎಂದು ತಿಳಿಸಿ ಹೇಳಿದ. ಚೀಲದ ಮೇಲೆ ದೊಡ್ಡದೊಂದು ಮೀನಿನ ಚಿತ್ರವಿತ್ತು. ಬಸ್ಸಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಶೆಟ್ಟೆವ್ವ ಗೋಕಾಕ ಬರುವವರೆಗೂ ಮೀನಿನ ಜೊತೆ ಮಾತಾಡಿದಳು.

ಮರುದಿನದಿಂದ ಗೋಳು ಶುರುವಾಯಿತು. ಮೀನು ನೆಟ್ಟಗೆ ಈಜುತ್ತಿರಲಿಲ್ಲ. ಇಡೀ ಮೈ ಅಲುಗಿಸುತ್ತ, ಹಿಂದಿನ ಭಾಗ ಒಂದು ಕಡೆ, ಮುಂದಿನದು ಒಂದು ಕಡೆ ಎಳೆದಂತೆ ಸಾಗಿ, ಮೂಲೆಯೊಂದರಲ್ಲಿ ಓರೆಯಾಗಿ ನಿಲ್ಲುತ್ತಿತ್ತು. ಶೆಟ್ಟೆವ್ವ ಸೊಸೆಯಿಂದ ಅಂಗಡಿಗೆ ಫೋನು ಹಚ್ಚಿಸಿದಳು.

"ಕುಂಟ ಮೀನ ಕೊಟ್ಟೀರಿ."

"ಅಜ್ಜಿ, ಆ ಜಾತಿ ಮೀನ ಈಸೂದ ಹಂಗ್ರಿ. ಅದಕ್ಕೇನೂ ಆಗಿಲ್ಲ."

"ಕುರಿ ಮಾರೂ ಮಂದಿನೂ ಹಿಂಗ ಹೇಳ್ತಾರ," ಎಂದು ಶೆಟ್ಟೆವ್ವ ಫೋನನ್ನು ಸೊಸೆಯ ಕೈಗೆ ತುರುಕಿದಳು.

ಒಂದು ದಿನ ಹೊಟ್ಟೆ ಉಬ್ಬರ ಎಂದಳು, ಇನ್ನೊಂದು ದಿನ ಥಂಡಿ ಎಂದಳು. ರಾಯವ್ವನ ಕಣ್ಣು ಬಿದ್ದಿದೆ ಎಂದು ತೊಟ್ಟಿಗೆ ಮೆಣಸಿನಕಾಯಿ ನಿವಾಳಿಸಿದಳು. ಎಲ್ಲವೂ ತಪ್ಪು. ನಂದಿನಿ ಮೊದಮೊದಲು ನಕ್ಕಳು, ಆಮೇಲೆ ಮೊಬೈಲಿನಲ್ಲಿ ಅದೇ ಜಾತಿಯ ಮೀನುಗಳನ್ನು ಹುಡುಕಿ ಅತ್ತೆಗೆ ತೋರಿಸತೊಡಗಿದಳು. ಇಬ್ಬರ ತಲೆಯೂ ಗಾಜಿನ ಮುಂದೆ. ಜಗಳ ಆಗಲೂ ಇತ್ತು, ಆದರೆ ಮೀನಿನ ಬಗ್ಗೆ. ಆ ಜಗಳಕ್ಕೆ ನಂಜಿರಲಿಲ್ಲ.

ನಿನ್ನೆ ಸಂಜೆ ಚಹಾ ಕೊಡಲು ಹೋದಾಗ ಶೆಟ್ಟೆವ್ವ, "ನೋಡ, ಇವತ್ತ ಬಾಲ ಒಂದೀಟ ನೆಟ್ಟಗ ಹಿಡದೈತಿ," ಎಂದಿದ್ದಳು. ಕಪ್ಪು ಒಯ್ಯಲು ಬಂದಾಗ ಚಹಾ ಹಾಗೇ ಇತ್ತು. ಶೆಟ್ಟೆವ್ವ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಹಾಗೇ ಇದ್ದಳು, ಜೀವ ಇರಲಿಲ್ಲ.

ನಂದಿನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಇಷ್ಟು ವರ್ಷ ಸೇರದ ಅತ್ತೆ ಈಗೀಗ ಸೇರತೊಡಗಿದ್ದಳು. ಸೇರತೊಡಗಿದ ಕೂಡಲೇ ಎದ್ದು ಹೋದಳು. ಇದ್ಯಾವ ನ್ಯಾಯ ಎಂದು ಯಾರನ್ನು ಕೇಳುವುದು?

*

ಈಗ ಆ ಮೀನಾದರೂ ಇರಬೇಕಿತ್ತು. ನಂದಿನಿ ಮತ್ತೆ ಮೊದಲಿನಿಂದ ನೋಡಿದಳು. ಗಾಳಿಯ ಯಂತ್ರ ನಡೆದಿತ್ತು. ನೀರು ಬಿಸಿಯೂ ಅಲ್ಲ, ತಣ್ಣಗೂ ಇಲ್ಲ. ಹೊಟ್ಟೆ ಉಬ್ಬಿರಲಿಲ್ಲ. ಆದರೆ ಮರಳು ಕದಡಿತ್ತು. ಗಾಜಿನ ಮೇಲಿದ್ದ ಹಳೆಯ ಗೆರೆಗಿಂತ ನೀರು ಮೇಲೇರಿತ್ತು. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಸಪ್ಪಗಿತ್ತು.

"ಈ ನೀರಿಗಿ ಯಾರ ಕೈ ಹಾಕೀರಿ?"

ದನಿ ಜೋರಾಯಿತು. ಭಜನೆಯವರ ಚಹಾ ಬಾಯಿಯ ಹತ್ತಿರವೇ ನಿಂತಿತು.

"ನಾನ ಹಾಕೇನವ್ವ," ಎಂದಳು ಹೆಣದ ಪಕ್ಕ ಕೂತಿದ್ದ ಉದ್ದವ್ವ. ಶೆಟ್ಟೆವ್ವನ ಅಕ್ಕ ಅವಳು, ನಸುಕಿನಲ್ಲೇ ಕುಲಗೋಡದಿಂದ ಬಂದಿದ್ದಳು. "ಸತ್ತ ಮನ್ಯಾಗ ಹಳೀ ನೀರ ಇಡಬಾರ್ದು. ಕೊಡ, ಹಂಡೆ ಎಲ್ಲಾ ಚೆಲ್ಲಿ ಹೊಸಾ ನೀರ ತುಂಬೇನಿ. ಅದರಾಗಿಂದೂ ಕೈ ಎಟಕಿದಷ್ಟ ಚೆಲ್ಲಿ ತುಂಬಿದೆ. ಮೀನಕ ಪೆಟ್ಟ ಆಗಬಾರ್ದಂತ ಚರಿಗಿಲೆ ಸಾವಕಾಶ ಹಾಕೇನಿ."

"ಅದು ಉಪ್ಪನೀರಿನ ಮೀನ, ದೊಡ್ಡವ್ವ."

"ಉಪ್ಪನೀರಾಗ ಜೀವ ಬದಕತೈತೇನ?" ಉದ್ದವ್ವ ನಿಜವಾಗಿಯೂ ಕೇಳಿದಳು.

ತಂಗಿ ಸತ್ತ ಮುದುಕಿಯನ್ನು ಬೈಯುವುದು ಹೇಗೆ? ಬೈಯದೆ ಇರುವುದು ಹೇಗೆ? ನಂದಿನಿ ತೊಟ್ಟಿಯ ಕೆಳಗಿನ ಕಪಾಟು ತೆರೆದಳು. ಉಪ್ಪಿನ ಚೀಲ ಇರಲಿಲ್ಲ.

"ಉಪ್ಪ ಎಲ್ಲೈತಿ?"

ಗಜಾನನ ತಲೆ ಕೆರೆದುಕೊಂಡ. "ಹನಮಂತ ಒಯ್ದಾನ. ಮಣ್ಣಾಗ ಹಾಕಾಕ ಉಪ್ಪ ಬೇಕಲ್ಲ. ಕಪಾಟಿನಾಗ ಒಂದ ಚೀಲ ಐತಿ ಅಂದ, ಒಯ್ಯಿ ಅಂದೆ."

ಹೂಳುವಾಗ ಹೆಣದ ಸುತ್ತ ಉಪ್ಪು ಸುರಿಯುವುದು ಅವರ ಮನೆತನದ ಪದ್ಧತಿ. ಗಜಾನನನ ಚಿಕ್ಕಪ್ಪನ ಮಗ ಹನಮಂತ ಕುಣಿ ತೋಡಿಸಲು ಕುಲಗೋಡಕ್ಕೆ ಮುಂದಾಗಿ ಹೋಗಿದ್ದ. ನಂದಿನಿ ಫೋನು ಹಚ್ಚಿದಳು.

"ಹನಮಂತ, ಆ ಉಪ್ಪ ಹಾಕಬ್ಯಾಡ."

"ತಳಕ ಹಾಕೇವ್ರಿ ವೈನಿ, ಚಿಂತಿ ಮಾಡಬ್ಯಾಡ್ರಿ. ಉಳದದ್ದ ಮ್ಯಾಲ ಹಾಕಾಕ ಇಟ್ಟೇನಿ. ಛಲೋ ಉಪ್ಪರಿ, ಹಿಟ್ಟಿನಂಗ ಐತಿ."

"ಉಳದದ್ದ ಹಾಕಬ್ಯಾಡೋ."

"ಕೇಳವಲ್ದರಿ, ಬರ್ರಿ ಲಗೂನ," ಎಂದು ಅವನು ಫೋನಿಟ್ಟ.

"ಬಜಾರದಾಗ ಬೇಕಾದಷ್ಟ ಉಪ್ಪ ಸಿಗತೈತಿ, ತರಸ್ತೇನಿ," ಎಂದ ಗಜಾನನ. ಬಜಾರದ್ದು ಆ ಉಪ್ಪಲ್ಲ, ಆ ಉಪ್ಪು ಬೆಳಗಾವಿಯ ಈಚೆಗೆ ಸಿಗುವುದಿಲ್ಲ ಎಂದು ನಂದಿನಿ ಹೇಳುವಷ್ಟರಲ್ಲಿ ತಾಳಗಳು ಎದ್ದವು, ಹೆಣವೂ ಎದ್ದಿತು.

*

ಕುಲಗೋಡಕ್ಕೆ ಹೊರಟ ಟೆಂಪೋದಲ್ಲಿ ದಾರಿಯುದ್ದಕ್ಕೂ ನಂದಿನಿಯ ಕಣ್ಣಲ್ಲಿ ಒಂದು ಹನಿ ಇಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಸಿಕ್ಕು ತಡವಾದಾಗ ಹಲ್ಲು ಕಡಿದಳು. ಸೊಸೆ ಕಲ್ಲಿನಂಥವಳು ಎಂದು ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರು.

ಕುಲಗೋಡದ ಹೊಲದಲ್ಲಿ, ಶೆಟ್ಟೆವ್ವನ ಗಂಡನನ್ನು ಹೂಳಿದ ಜಾಗದ ಪಕ್ಕದಲ್ಲೇ ಕುಣಿ ತೋಡಿದ್ದರು. ನಂದಿನಿ ಮೊದಲು ನೋಡಿದ್ದು ಹನಮಂತನ ಕಾಲ ಬಳಿಯ ಚೀಲವನ್ನು. ಅರ್ಧ ಉಳಿದಿತ್ತು. ಶೆಟ್ಟೆವ್ವನನ್ನು ಇಳಿಸಿ ಕೂಡಿಸಿದರು. ಗಜಾನನ ಮಣ್ಣು ಹಿಡಿದು ನಿಂತ. ಹನಮಂತ ಚೀಲ ಎತ್ತಿ ಬಗ್ಗಿಸುವಷ್ಟರಲ್ಲಿ ನಂದಿನಿ ಅವನ ಮುಂಗೈ ಹಿಡಿದಳು.

"ಇದು ಮೀನಿಂದು. ಮನಿಗಿ ಬೇಕು."

ಊರಿನ ಹಿರಿಯ ಬಸವಣ್ಣೆಪ್ಪ ಗಂಟಲು ಸರಿಮಾಡಿಕೊಂಡ. "ಮಣ್ಣಿಗಿ ಬಂದ ಚೀಲ ತಿರುಗಿ ಮನಿಗಿ ಹೋಗಬಾರ್ದು ತಂಗಿ. ಅದು ಹೆಣದ ಪಾಲು."

"ಮರ್ಯಾದಿ ಕಳೀಬ್ಯಾಡ," ಎಂದ ಗಜಾನನ, ಮೆಲ್ಲಗೆ.

"ನಿನ್ನಿ ಸಂಜೀತನಕ ನಿಮ್ಮವ್ವ ಮುಂದ ಕುಂತ ಕಾದ ಜೀವ ಅದು," ಎಂದಳು ನಂದಿನಿ. "ಆಕೀ ಉಸಿರ ಹೋಗೂ ಹೊತ್ತಿನ್ಯಾಗೂ ಅದನ್ನ ನೋಡಾಕತ್ತಿದ್ಲು. ಈಗ ಅದೂ ಸತ್ತರ ನಾ ಆ ಮನ್ಯಾಗ ಯಾರ ಜೋಡಿ ಜಗಳಾಡ್ಲಿ?"

ಹೇಳುತ್ತಲೇ ಅಳು ಒತ್ತರಿಸಿ ಬಂತು. ಸಿಟ್ಟಿನ ಅಳು, ನಿಲ್ಲಿಸಿದರೂ ನಿಲ್ಲಲಿಲ್ಲ. ಹನಮಂತನ ಕೈ ಮಾತ್ರ ಬಿಡಲಿಲ್ಲ.

ಉದ್ದವ್ವ ಕೋಲೂರುತ್ತ ಮುಂದೆ ಬಂದಳು. ಚೀಲದ ಮೇಲಿನ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಇದ ಹಾಕಿದ್ರ ಬದಕತೈತೇನ?"

"ಗೊತ್ತಿಲ್ಲ ದೊಡ್ಡವ್ವ. ಹಾಕಲಿಲ್ಲ ಅಂದ್ರ ಸಾಯ್ತೈತಿ."

ಉದ್ದವ್ವ ಒಂದು ಚಿಟಿಕೆ ಉಪ್ಪು ತೆಗೆದು ಕುಣಿಯೊಳಗೆ ತಂಗಿಯ ಮೇಲೆ ಉದುರಿಸಿದಳು. "ತಳಕ ಹಾಕ್ಯಾರ, ಮ್ಯಾಲ ನಾ ಹಾಕೇನಿ. ನಿನ್ನ ಪಾಲ ಮುಟ್ಟಿತ ನೋಡ, ಶೆಟ್ಟೆವ್ವ." ಆಮೇಲೆ ಬಸವಣ್ಣೆಪ್ಪನ ಕಡೆ ತಿರುಗಿದಳು. "ಚೀಲ ಮನಿಗಿ ಹೋಗಬಾರ್ದು, ಖರೆ. ಚೀಲ ಇಲ್ಲೇ ಇರ್ಲಿ. ಹೆಣ್ಣಮಗಳ ಉಡಿಯಾಗ ಹಾಕಿದ್ದನ್ನ ಬ್ಯಾಡ ಅನ್ನೂ ಶಾಸ್ತ್ರ ಎಲ್ಲೂ ಇಲ್ಲ." ಬಸವಣ್ಣೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಉಡಿ ಒಡ್ಡ," ಎಂದಳು ಉದ್ದವ್ವ.

ನಂದಿನಿ ಸೆರಗು ಒಡ್ಡಿದಳು. ಮದುವಣಗಿತ್ತಿಗೆ ಅಕ್ಕಿ ತುಂಬುವಂತೆ ಮುದುಕಿ ಬೊಗಸೆ ಬೊಗಸೆಯಾಗಿ ಉಪ್ಪು ತುಂಬಿ, ಖಾಲಿ ಚೀಲವನ್ನು ಕುಣಿಗೆ ಬಿಟ್ಟಳು. ಗಜಾನನ ಹಿಡಿದಿದ್ದ ಮಣ್ಣು ಹಾಕಿದ. ಉಳಿದವರೂ ಹಾಕಿದರು.

ಎಲ್ಲ ಮುಗಿದ ಮೇಲೆ, ಹೆಣ ಕೂಡಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಲು ಮನೆಗೆ ಮರಳುವ ಮಂದಿ ಟೆಂಪೋ ಹತ್ತುತ್ತಿದ್ದಾಗ, ಗಜಾನನ ಹನಮಂತನ ಮೋಟಾರುಸೈಕಲ್ಲಿನ ಕೀಲಿ ಇಸಿದುಕೊಂಡು ಬಂದ. ಟೆಂಪೋ ತಡ ಆಗುತ್ತದೆ ಎಂದಷ್ಟೇ ಹೇಳಿದ. ನಂದಿನಿ ಹಿಂದೆ ಕೂತಳು.

"ಗಟ್ಟಿ ಹಿಡಕೋ," ಎಂದ ರೂಢಿಯಂತೆ.

ಅವಳ ಎರಡೂ ಕೈ ಉಡಿಯ ಬಾಯಿ ಹಿಡಿದಿದ್ದವು. ಅವನು ತಿರುಗಿ ನೋಡಿದ. ಗೋಕಾಕದ ರಸ್ತೆಯಲ್ಲಿ ಪ್ರತಿ ಉಬ್ಬು ಬಂದಾಗಲೂ ಅವನು ಎರಡೂ ಕಾಲು ನೆಲಕ್ಕೆ ಊರಿ, ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದರೂ ಕೇಳಿಸದವನಂತೆ, ಮೊದಲು ಮುಂದಿನ ಗಾಲಿ, ಆಮೇಲೆ ಹಿಂದಿನ ಗಾಲಿ, ಮೆಲ್ಲಗೆ ಇಳಿಸುತ್ತಿದ್ದ.