ಕೋಳಿಗೂಡಿನ ಬೋರ್ಡು

ಹೆಂಗಸರು ಟ್ರ್ಯಾಕ್ಟರ್ ಹೊಡೆಯಬಾರದು ಎಂದು ಯಾವ ಸರಕಾರವೂ ಕಾಯಿದೆ ಮಾಡಿಲ್ಲ. ಮಾಡಿದವನು ರಾಜಾರಾಮ. ಅದೂ ಎಲ್ಲಿ? ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಅಡಿಕೆ ಜಗಿಯುತ್ತ. ಅವನು ದುಂಡವ್ವನ ಗಂಡನ ಅಣ್ಣ. ಅಣ್ಣನಾದ ಮಾತ್ರಕ್ಕೆ ತಮ್ಮನ ಮನೆಯಲ್ಲಿರುವುದೆಲ್ಲ ತನ್ನದೇ ಎಂದು ತಿಳಿದ ಮನುಷ್ಯ.

ತಮ್ಮ ಕಾಮಣ್ಣ ಹಿಂದಿನ ಹಂಗಾಮಿನಲ್ಲಿ ಕಬ್ಬಿನ ಹೇರಿನ ಮೇಲಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದ. ಎಲುಬು ಕೂಡಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಕ್ಲಚ್ ತುಳಿಯಲಾಗದವನು ಟ್ರ್ಯಾಕ್ಟರ್ ಹೊಡೆಯುವುದು ಹೇಗೆ? ಕೆಂಪು ಟ್ರ್ಯಾಕ್ಟರ್ ಛಪ್ಪರದ ಕೆಳಗೆ ಸುಮ್ಮನೆ ನಿಂತಿತು. ಆ ಗಾಡಿ ಬಂದದ್ದು ದುಂಡವ್ವನ ಕುರಿಗಳಿಂದ. ತವರಿನಿಂದ ತಂದ ನಾಲ್ಕು ಮರಿಗಳನ್ನು ಹದಿಮೂರು ವರ್ಷ ಮೇಯಿಸಿ ಹಿಂಡು ಮಾಡಿದ್ದಳು. ಹಿಂಡು ಮಾರಿದ ದಿನ ಅವಳು ಉಣ್ಣಲಿಲ್ಲ. ಅವತ್ತು ಈ ರಾಜಾರಾಮ ಎಲ್ಲಿದ್ದನೋ ಆ ದೇವರಿಗೇ ಗೊತ್ತು.

"ದೀಪಾವಳಿ ಪಾಡ್ಯಕ್ಕ ಕಬ್ಬಿನ ಹೇರು ಚಾಲೂ ಆಗ್ತೈತಿ. ಗಾಡಿ ನಮ್ಮ ಅಂಗಳಕ್ಕ ಬರ್ಲಿ, ನನ್ನ ಮಗ ಹೊಡೀತಾನ" ಎಂದು ರಾಜಾರಾಮ ಹಿರಿಯರ ಮುಂದೆ ಹೇಳಿದ. "ತಮ್ಮನ ಹೊಟ್ಟಿ ನಾ ನೋಡ್ಕೋತೀನಿ."

"ಯಾರೂ ನೋಡ್ಕೋಳೂದು ಬ್ಯಾಡ್ರಿ. ಗಾಡಿ ನಾನ ಹೊಡೀತೀನಿ" ಎಂದಳು ದುಂಡವ್ವ.

ಹೊಲದಲ್ಲಿ ಅವಳು ಹೊಡೆಯುತ್ತಿದ್ದುದು ಊರಿಗೇ ಗೊತ್ತಿತ್ತು. ಕಾಮಣ್ಣ ಮಡ್‌ಗಾರ್ಡ್ ಮೇಲೆ ಕೂತು, ಬೈದು ಬೈದು ಕಲಿಸಿದ್ದ.

"ಹೊಲದಾಗ ಎಮ್ಮಿನೂ ತಿರಗತೈತಿ" ಎಂದ ರಾಜಾರಾಮ. "ಡಾಂಬರ ರಸ್ತೆಕ್ಕ ಲೈಸನ್ಸ್ ಬೇಕವ್ವ. ಉಗಾರದ ಸಕ್ಕರಿ ಕಾರಖಾನಿ ಗೇಟಿನ್ಯಾಗ ಕೇಳ್ತಾರ. ನಿನಗ ನೋಡಿದ್ರ ಅಕ್ಷರಾನೂ ಬರೂದಿಲ್ಲ."

ಕಟ್ಟೆಯ ಮೇಲಿನವರು ನಕ್ಕರು. ದುಂಡವ್ವನ ಕಿವಿ ಕಾದು ಹೋದವು. ಕೊನೆಗೆ ಹಿರಿಯರು ಒಂದು ಮಾತು ಹೇಳಿದರು. ಪಾಡ್ಯದೊಳಗೆ ಅವಳು ಕಲಿಯುವವರ ಲೈಸನ್ಸು ತಂದರೆ ಗಾಡಿ ಅವಳದು. ಕಾಮಣ್ಣನ ಬಳಿ ಪಕ್ಕಾ ಲೈಸನ್ಸು ಇರುವುದರಿಂದ ಅವನು ಜೊತೆಗೆ ಕೂತರೆ ಸಾಕು. ತರದಿದ್ದರೆ ಗಾಡಿ ರಾಜಾರಾಮನ ಅಂಗಳಕ್ಕೆ.

"ಆತು, ತರ್ತೀನಿ" ಎಂದು ಹೇಳಿ ಎದ್ದು ಬಂದಳು. ಹೇಳಿದ್ದೇನೋ ಹೇಳಿದಳು, ಲೈಸನ್ಸಿಗೆ ಏನು ಕೇಳುತ್ತಾರೆಂಬುದು ಅವಳಿಗೆ ಗೊತ್ತಿದ್ದರೆ ತಾನೆ! ಮನೆಗೆ ಬಂದಮೇಲೆ ಕಾಮಣ್ಣ ಹೇಳಿದ, ರಸ್ತೆ ಬದಿಯ ಬೋರ್ಡುಗಳ ಚಿತ್ರ ತೋರಿಸಿ ಅರ್ಥ ಕೇಳುತ್ತಾರೆ ಎಂದು.

"ರಸ್ತೆ ಬದಿಗಿ ಬೋರ್ಡ್ ಎಲ್ಲಿ ಅದಾವರಿ?"

ಅದೂ ನಿಜವೇ. ಆ ಊರಿನಿಂದ ಉಗಾರದವರೆಗೆ ರಸ್ತೆ ಬದಿಗೆ ಜಾಲಿ ಇತ್ತು, ಕಲ್ಲಿತ್ತು, ಒಂದೂ ಬೋರ್ಡಿರಲಿಲ್ಲ. ಸುತ್ತಮುತ್ತ ಕಣ್ಣಿಗೆ ಬೀಳುತ್ತಿದ್ದುದು ಒಂದೇ ಒಂದು, ಅದೂ ರಾಜಾರಾಮನ ಕೋಳಿಗೂಡಿನ ಬಾಗಿಲು: ಕೆಂಪು ಅಂಚಿನ, ನಡುವೆ ಬೆಳ್ಳಗಿನ ಮೂರುಮೂಲೆಯ ತಗಡು. ಗೂಡಿನ ಮಾಡಿಗೆ ಹೊಂದುವಂತೆ ಚೂಪು ತುದಿಯನ್ನು ಮೇಲೆ ಮಾಡಿ ಕೂಡಿಸಿದ್ದ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ, ಬೋರ್ಡುಗಳ ಚಿತ್ರವಿದ್ದ ತೆಳ್ಳನೆಯ ಪುಸ್ತಕವೊಂದನ್ನು ಕಾಮಣ್ಣ ತರಿಸಿಕೊಟ್ಟ. ಓದಿ ಹೇಳಲು ಪಕ್ಕದ ಮನೆಯ ಸರ್ವರಬಿ ಬಂದಳು. ಅವಳು ಹೊಲಿಗೆ ಮಾಡುವ ಹೆಣ್ಣುಮಗಳು, ಏಳನೇ ಇಯತ್ತೆ ಪಾಸಾದವಳು.

"ಅಕ್ಕಾ, ನೆಪ್ಪ ಇಟ್ಕೋ" ಎಂದಳು ಸರ್ವರಬಿ. "ದುಂಡಗಿದ್ದದ್ದು ಹುಕುಂ, ಕೇಳಾಕ ಬೇಕು. ತುದಿ ಮ್ಯಾಲಿದ್ದ ಮೂರುಮೂಲಿ ಅಂದ್ರ ಹುಷಾರ್. ಒಳಗ ಏನ್ ಚಿತ್ರ ಐತಿ ನೋಡು, ಮುಂದ ಅದ ಬರತೈತಿ."

ಮರೆಯಬಾರದೆಂದು ದುಂಡವ್ವ ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಅಂಗಳ ಸಾರಿಸಿ, ದಿನಾ ಹಾಕುವ ರಂಗೋಲಿಯ ಬದಲು ಒಂದೊಂದು ಬೋರ್ಡು ಬರೆಯತೊಡಗಿದಳು. ಅಂಚಿಗೆ ಕೆಮ್ಮಣ್ಣು, ನಡುವೆ ರಂಗೋಲಿ ಪುಡಿ, ಚಿತ್ರಕ್ಕೆ ಇದ್ದಿಲು. ಸೋಮವಾರ ತಿರುವು, ಮಂಗಳವಾರ ಶಾಲೆ, ಬುಧವಾರ ದನ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ನಿಂತು ನೋಡಿ ನಕ್ಕರು, ಆಮೇಲೆ ತಾವೂ ಅರ್ಥ ಕೇಳತೊಡಗಿದರು. ರಾಜಾರಾಮ ಮಾತ್ರ ಬೇಕಂತಲೇ ಮೇಲೆ ಕಾಲಿಟ್ಟು ಅಳಿಸಿ ಹೋಗುತ್ತಿದ್ದ. ಅಳಿಸಿದ್ದನ್ನು ಅವಳು ಮತ್ತೆ ಬರೆಯುತ್ತಿದ್ದಳು, ಮೊದಲಿಗಿಂತ ದೊಡ್ಡದಾಗಿ.

ಪುಸ್ತಕದ ಕೊನೆಯ ಹಾಳೆಯನ್ನು ಸರ್ವರಬಿಯ ಆಡು ತಿಂದಿತ್ತು. "ಹೋಗ್ಲಿ ಬಿಡ" ಎಂದಳು ದುಂಡವ್ವ. "ಅದರಾಗ ಇರೂದು ಭಾವನ ಕೋಳಿಗೂಡಿನ ಬೋರ್ಡ ಇರ್ಬೇಕು. ಅದನ್ನ ದಿನಾ ನೋಡ್ತೀನಿ. ಒಳಗ ಚಿತ್ರ ಇಲ್ಲ ಅಂದ್ರ ಬರೇ ಹುಷಾರ್ ಅಂದಂಗ."

ತಿಂಗಳಿಗೊಮ್ಮೆ ಅಥಣಿಯ ಸರಕಾರಿ ಬಂಗ್ಲೆಯ ಅಂಗಳದಲ್ಲಿ ಲೈಸನ್ಸಿನ ಸಾಹೇಬರು ಕ್ಯಾಂಪು ಮಾಡುತ್ತಿದ್ದರು. ಗಂಡಸರ ಸಾಲಿನಲ್ಲಿ ದುಂಡವ್ವ ಒಬ್ಬಳೇ ಹೆಣ್ಣು. ಸಾಹೇಬರು ಗೋಡೆಗೆ ತೂಗುಹಾಕಿದ ಪಟದ ಮೇಲೆ ಕೋಲಿಟ್ಟು ಕೇಳುತ್ತ ಹೋದರು, ಅವಳು ಪಟಪಟನೆ ಹೇಳುತ್ತ ಹೋದಳು. ಒಂಬತ್ತು ಸರಿಯಾದವು. ಹತ್ತನೆಯದಕ್ಕೆ ಕೋಲು ಬಂತು. ಕೆಂಪು ಅಂಚಿನ ಬೆಳ್ಳಗಿನ ಮೂರುಮೂಲೆ, ತುದಿ ನೆಲಕ್ಕೆ ಮುಖ ಮಾಡಿತ್ತು.

ದುಂಡವ್ವ ಕತ್ತು ಓರೆ ಮಾಡಿ ನೋಡಿದಳು. ಆಮೇಲೆ ಧೈರ್ಯವಾಗಿ ಹೇಳಿದಳು: "ಸಾಹೇಬ್ರ, ನಿಮ್ಮ ಪಟ ಬರದವ ತಪ್ಪ ಮಾಡ್ಯಾನ್ರಿ. ಇದನ್ನ ತಲಿಕೆಳಗ ಬರದಾನ."

ಸಾಲಿಗೆ ಸಾಲೇ ಹೊಟ್ಟೆ ಹಿಡಿದು ನಕ್ಕಿತು. ಸಾಹೇಬರು ನಗಲಿಲ್ಲ.

"ಬ್ಯಾರೆ ಯಾವುದು ತಪ್ಪಿದ್ರೂ ಪಾಸ್ ಮಾಡ್ತಿದ್ದೆ ತಾಯಿ. ಇದು ತಪ್ಪಿದ್ರ ಮಂದಿ ಸಾಯ್ತಾರ. ತುದಿ ಕೆಳಗಿದ್ರ ದಾರಿ ಬಿಡು ಅಂತ ಅರ್ಥ. ಸಣ್ಣ ದಾರಿಯಿಂದ ಬಂದವ ನಿಂತು, ದೊಡ್ಡ ರಸ್ತೆ ಮ್ಯಾಲಿನವಗ ಮೊದಲ ಹೋಗಾಕ ಬಿಡಬೇಕು. ಮುಂದಿನ ಕ್ಯಾಂಪಿಗೆ ಬರ್ರಿ."

ಮುಂದಿನ ಕ್ಯಾಂಪೆಂದರೆ ಪಾಡ್ಯಕ್ಕೆ ಮೂರೇ ದಿನ ಮೊದಲು. ಬಸ್ಸಿನಲ್ಲಿ ದಾರಿಯುದ್ದಕ್ಕೂ ದುಂಡವ್ವ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅಳು ಸೋತದ್ದಕ್ಕಲ್ಲ, ಅಷ್ಟು ಗಂಡಸರು ನಕ್ಕದ್ದಕ್ಕೆ.

ಊರಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೇರ ಕೋಳಿಗೂಡಿನ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ತಗಡಿನಲ್ಲಿ ಬೋಲ್ಟಿನ ಹಳೆಯ ತೂತುಗಳಿದ್ದವು. ರಾಜಾರಾಮ ಒಳಗಿನಿಂದ ಬಂದ.

"ಮಾರಿ ನೋಡಿದ್ರ ನಪಾಸ್ ಆದಂಗ ಐತಿ. ಟ್ರ್ಯಾಕ್ಟರ್ ತೊಳದ ಇಡು, ನನ್ನ ಮಗ ಬರ್ತಾನ."

"ಅದಿರ್ಲಿ ಭಾವಾರ. ಈ ತಗಡು ಎಲ್ಲಿಂದ ತಂದ್ರಿ?"

"ನಮ್ಮ ಓಣಿ ಬಾಯಾಗ ಕಂಬಕ್ಕ ಇತ್ತು. ರಸ್ತೆ ಮಾಡಿದವರು ಹಾಕಿದ್ರು. ಗಾಳಿಗೆ ಬಡಕೋತಿತ್ತು, ಕಿತ್ಕೊಂಡ ಬಂದ್ನಿ."

"ಮುಖ ಯಾವ ಕಡೆ ಇತ್ತರಿ?"

"ನಮ್ಮ ಕಡೆನ. ಓಣಿ ಕಡೆ. ಯಾಕ?"

ದುಂಡವ್ವನಿಗೆ ಈಗ ಎಲ್ಲ ತಿಳಿಯಿತು. ಇವನ ಕೋಳಿಗಳ ದೆಸೆಯಿಂದ ತಾನು ಅಥಣಿಯಲ್ಲಿ ನಗೆಗೀಡಾದೆನಲ್ಲ! ಓಣಿಯಿಂದ ರಸ್ತೆಗೆ ಬರುವಾಗ ನಿಂತು ದಾರಿ ಬಿಡು ಎಂದು ಸರಕಾರ ಇವನ ಮನೆಯವರಿಗೇ ಹೇಳಿಟ್ಟ ಮಾತನ್ನು ಈ ಪುಣ್ಯಾತ್ಮ ಬೋರಲು ಹಾಕಿ ಹೇಂಟೆ ಕೂಡಿಹಾಕಿದ್ದನಲ್ಲ! ಸೆರಗು ಕೊಡವಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಅವಳ ಅಂಗಳದ ತುಂಬ ಒಂದೇ ಬೋರ್ಡು, ತುದಿ ಕೆಳಗೆ. ಅದರ ಮರುದಿನವೂ ಅದೇ. ಹದಿನೈದು ದಿನವಾದರೂ ಅದೇ.

"ಏನದು ದಿನಾ?" ಎಂದು ರಾಜಾರಾಮನೇ ಸೋತು ಕೇಳಿದ.

"ನಿಮಗ ಬಂದ ಪತ್ರ ಐತ್ರಿ. ಪಾಡ್ಯದ ದಿನ ಓದಿ ಹೇಳ್ತೀನಿ."

"ಅಕ್ಷರ ಬಾರದಾಕಿ ಪತ್ರ ಓದ್ತಾಳಂತ" ಎಂದು ಅವನು ನಗುತ್ತ ಹೋದ.

ಎರಡನೆಯ ಕ್ಯಾಂಪಿನಲ್ಲಿ ಸಾಹೇಬರು ಅವಳ ಗುರುತು ಹಿಡಿದರು. ಮೊದಲು ಆ ಮೂರುಮೂಲೆಯ ಮೇಲೆಯೇ ಕೋಲಿಟ್ಟರು.

"ದಾರಿ ಬಿಡು. ಸಣ್ಣ ಓಣಿಯಿಂದ ಬಂದವ ನಿಂತ ಬಿಡಬೇಕು" ಎಂದಳು ದುಂಡವ್ವ. ಅಷ್ಟಕ್ಕೇ ಸುಮ್ಮನಾಗದೆ ತಾನೇ ಒಂದು ಪ್ರಶ್ನೆ ಕೇಳಿದಳು. "ಎಂಥಾ ದೊಡ್ಡ ಮನಶಾ ಇದ್ರೂ ನಿಲ್ಲಬೇಕಲ್ರಿ ಸಾಹೇಬ್ರ? ಮನ್ಯಾಗ ಹಿರ್ಯಾ ಇದ್ರೂ?"

"ನಾ ಬಂದ್ರೂ ನಿಲ್ಲಬೇಕು" ಎಂದರು ಸಾಹೇಬರು. ಉಳಿದ ಒಂಬತ್ತನ್ನೂ ಕೇಳಿದರು, ಒಂಬತ್ತೂ ಸರಿಯಾದವು. ದುಂಡವ್ವ ಹೆಬ್ಬೆಟ್ಟು ಒತ್ತಿ ಲೈಸನ್ಸು ತೆಗೆದುಕೊಂಡಳು. ಸಾಲಿನಲ್ಲಿದ್ದವರ ಕಡೆ ಒಮ್ಮೆ ನೋಡಿದಳು, ಈ ಸಲ ಯಾರೂ ನಗಲಿಲ್ಲ.

ಪಾಡ್ಯದ ದಿನ ನಸುಕಿನಲ್ಲೇ ಅವಳು ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೋಳಿಗೂಡಿಗೆ ಹೋದಳು. ತಗಡು ಕಳಚಿ ತಂದಳು. ಓಣಿಯ ಬಾಯಲ್ಲಿ ತಿಪ್ಪೆಯೊಳಗೆ ವಾಲಿದ್ದ ಕಂಬವನ್ನು ಕಾಮಣ್ಣನೂ ಸರ್ವರಬಿಯೂ ಎತ್ತಿ ಹಿಡಿದರು. ತುದಿ ಕೆಳಗೆ ಮಾಡಿ, ಮುಖ ಓಣಿಯ ಕಡೆ ತಿರುಗಿಸಿ ಬಿಗಿದಳು.

ಪೂಜೆಯಾಗಿ, ಟ್ರೇಲರಿನ ತುಂಬ ಕಬ್ಬು ಹೇರಿ, ಮುಂದೆ ಕೆಂಪು ಬಣ್ಣದಲ್ಲಿ ಎಲ್ ಬರೆಸಿಕೊಂಡು ಗಾಡಿ ಹೊಲದಿಂದ ಡಾಂಬರು ರಸ್ತೆ ಹಿಡಿದು ಓಣಿಯ ಬಾಯಿಯ ಹತ್ತಿರ ಬಂದಾಗ ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತರು. ಅಷ್ಟರಲ್ಲಿ ಓಣಿಯಿಂದ ರಾಜಾರಾಮನ ಚಕ್ಕಡಿ ಬಂತು. ಎತ್ತುಗಳನ್ನು ರಸ್ತೆಯ ನಡುವಿಗೆ ತಂದು ಅಡ್ಡ ನಿಲ್ಲಿಸಿದ. ಹಿಂದೆ ಓಣಿ ತುಂಬ ಅವನ ಕೋಳಿಗಳು ಓಡಾಡುತ್ತಿದ್ದವು.

ದುಂಡವ್ವ ಬ್ರೇಕು ತುಳಿದಳು. ಎತ್ತುಗಳಿಗೂ ಗಾಡಿಗೂ ನಡುವೆ ಎರಡು ಮಾರು ಉಳಿಯಿತು.

"ಹಿಂದ ತಗಿ!" ಎಂದು ರಾಜಾರಾಮ ಕೂಗಿದ. "ಹಿರ್ಯಾಗ ದಾರಿ ಬಿಡು!"

ಮಡ್‌ಗಾರ್ಡ್ ಮೇಲಿದ್ದ ಕಾಮಣ್ಣ ಮೆಲ್ಲಗೆ ಹೇಳಿದ. "ಅಣ್ಣ ಅದಾನ ಲೇ. ಒಂದ್ ಸಲ ಹಿಂದ ತಗಿ."

"ಬೋರ್ಡ್ ಅವರಿಗಿ ಐತಿ, ನನಗಿಲ್ಲ" ಎಂದಳು ದುಂಡವ್ವ. ಸೀಟಿನ ಮೇಲೆ ಎದ್ದು ನಿಂತು, ಕಟ್ಟೆಯವರಿಗೆಲ್ಲ ಕೇಳುವಂತೆ ದನಿ ಎತ್ತಿದಳು. "ಭಾವಾರ, ಹೊಳ್ಳಿ ನೋಡ್ರಿ. ನಿಮ್ಮ ಪತ್ರ ಐತಿ. ದಾರಿ ಬಿಡು ಅಂತ ಬರದೈತಿ. ಸರಕಾರದ್ದು ಐತ್ರಿ, ನಂದಲ್ಲ."

ರಾಜಾರಾಮ ಹೊರಳಿ ನೋಡಿದ. ಅವನ ಕೋಳಿಗೂಡಿನ ಬಾಗಿಲು ಕಂಬದ ಮೇಲಿತ್ತು. ಕಟ್ಟೆಯ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು, ಆ ನಗೆ ಒಬ್ಬರಿಂದೊಬ್ಬರಿಗೆ ಹಬ್ಬಿತು. ಅವನು ಹಿರಿಯರ ಮುಖ ನೋಡಿದ. ಹಿರಿಯರು ಕೈ ಬೀಸಿದರು, ಹಿಂದಕ್ಕೆ ಹೋಗು ಎಂದು.

ಚಕ್ಕಡಿಯನ್ನು ಹಿಂದೆ ತಳ್ಳುವುದು ಸುಲಭದ ಮಾತಲ್ಲ. ಎತ್ತುಗಳು ಮೊಂಡು ಹಿಡಿದವು, ಗಾಲಿ ಓರೆಯಾಯಿತು, ಕೋಳಿಗಳು ಕಾಲಲ್ಲಿ ಸಿಕ್ಕಿ ಅರಚಿದವು. ಅಷ್ಟು ಹೊತ್ತೂ ದುಂಡವ್ವ ಇಂಜಿನ್ ಬಂದ್ ಮಾಡಲಿಲ್ಲ, ಹಾರ್ನೂ ಒತ್ತಲಿಲ್ಲ. ಚಕ್ಕಡಿಯ ನೊಗ ಬೋರ್ಡಿನ ಹಿಂದಕ್ಕೆ ಸರಿದ ಮೇಲೆ ಗೇರು ಹಾಕಿದಳು, ಉಗಾರದ ಕಡೆ ಹೊರಟಳು.